ಮಕ್ಕಳಿಗೆ ಯಾವ ಕೋಣೆ ತೆರೆದಿರಬೇಕು, ಯಾವುದು ಮುಚ್ಚಿರಬೇಕು

ಸಂಪಾದಕರಿಗೆ,

ಮಾನ್ಯರೇ,

ಬೇರೆಯವರ ಚಿಕ್ಕ ಮಕ್ಕಳನ್ನು ಹಗಲು ಹೊತ್ತು ತಮ್ಮ ಮನೆಯಲ್ಲೇ ನೋಡಿಕೊಳ್ಳುವ ಕೆಲಸವನ್ನು ಆರಂಭಿಸಬೇಕೆಂದಿರುವವರಿಗಾಗಿ ತಮ್ಮ ಪತ್ರಿಕೆಯ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಶುಲ್ಕ, ವೇಳೆ, ರಜೆ, ತಂದೆತಾಯಿಯರೊಡನೆ ಮಾಡಿಕೊಳ್ಳಬೇಕಾದ ಒಪ್ಪಂದ ಇವುಗಳ ಬಗ್ಗೆ ಅದರಲ್ಲಿ ಉಪಯುಕ್ತವಾದ ವಿವರಗಳಿದ್ದವು. ಆದರೆ ಮನೆಯ ಯಾವ ಭಾಗವನ್ನು ಮಕ್ಕಳಿಗೆ ಬಿಡಬೇಕು ಎಂಬ ಪ್ರಶ್ನೆಗೆ ಮಾತ್ರ, ಖಾಲಿ ಇರುವ ಕೋಣೆಯೊಂದನ್ನು ಇದಕ್ಕೆಂದೇ ಮೀಸಲಿಟ್ಟು ಅಂದವಾಗಿ ಸಿಂಗರಿಸಬೇಕು ಎಂಬ ಒಂದೇ ಸಾಲಿನ ಉತ್ತರ ಕೊಟ್ಟು ಲೇಖನ ಮುಂದಕ್ಕೆ ಹೋಗಿದೆ. ಜೊತೆಗಿದ್ದ ಚಿತ್ರದಲ್ಲಿ ಗೋಡೆಗೆಲ್ಲ ಬಣ್ಣ ಬಳಿದ, ಮಹಡಿಯ ಮೇಲಿನದೆಂದು ಕಿಟಕಿಯಿಂದಲೇ ಗೊತ್ತಾಗುವ ಕೋಣೆಯೊಂದಿತ್ತು. ಆ ಸಲಹೆಯನ್ನು ಹಾಗೆಯೇ ಪಾಲಿಸಿದವರು ಮೊದಲ ವಾರದಲ್ಲೇ ಪಡುವ ಪಾಡನ್ನು ಬಲ್ಲವಳಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಹಲವು ವರ್ಷಗಳಿಂದ ಇದೇ ಕೆಲಸ ಮಾಡಿಕೊಂಡು ಬಂದವಳು. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು ತಮ್ಮ ಮನೆಗೆ ಕರೆದು, ‘ಯಾವ ಕೋಣೆ ಆದೀತು, ಒಮ್ಮೆ ನೋಡಿ ಹೇಳಿ’ ಎಂದು ಕೇಳುವುದುಂಟು. ಅವರು ಮೊದಲು ತೋರಿಸುವುದು ಬಹುಮಟ್ಟಿಗೆ ಮನೆಯವರು ಯಾರೂ ಬಳಸದ ಕೋಣೆಯನ್ನು. ಅದು ಮಹಡಿಯ ಮೇಲಿನದೋ ಹಿತ್ತಲ ಕಡೆಯ ಮೂಲೆಯದೋ ಹಳೆಯ ಸಾಮಾನು ತೆಗೆದು ಹೊಸದಾಗಿ ಗುಡಿಸಿದ್ದೋ ಆಗಿರುತ್ತದೆ. ಆ ಕೋಣೆಯ ಬಾಗಿಲು ತೆರೆಯುವ ಮೊದಲೇ ನಾನು ಕೇಳುವ ಪ್ರಶ್ನೆ ಒಂದೇ: ಬೆಳಗಿನಿಂದ ಸಂಜೆಯವರೆಗೆ ನೀವು ಹೆಚ್ಚು ಹೊತ್ತು ಎಲ್ಲಿ ನಿಂತಿರುತ್ತೀರಿ, ಎಲ್ಲಿ ಕೂತಿರುತ್ತೀರಿ? ಮಕ್ಕಳ ಜಾಗ ಅಲ್ಲಿಂದ ಶುರುವಾಗಬೇಕು. ನೋಡಿಕೊಳ್ಳುವವರ ಕಣ್ಣು ಮತ್ತು ಕಿವಿ ಎಲ್ಲಿಯವರೆಗೆ ಮುಟ್ಟುತ್ತವೆಯೋ ಅಷ್ಟು ಜಾಗವನ್ನು ಮಕ್ಕಳಿಗೆ ಬಿಟ್ಟು, ಅದರಾಚೆಯ ಬಾಗಿಲುಗಳನ್ನು ಗಟ್ಟಿಯಾಗಿ ಮುಚ್ಚುವುದೇ ಕೋಣೆ ಆರಿಸುವ ಕೆಲಸದ ತಿರುಳು ಎಂಬುದು ನನ್ನ ಅಭಿಪ್ರಾಯ. ಕೋಣೆ ಚೆನ್ನಾಗಿದೆಯೇ, ಖಾಲಿ ಇದೆಯೇ ಎಂಬುದೆಲ್ಲ ಆಮೇಲಿನ ಮಾತು.

ಮಹಡಿಯ ಕೋಣೆಯನ್ನೇ ತೆಗೆದುಕೊಳ್ಳೋಣ. ಒಬ್ಬರೇ ಮೂವರು ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾರೆ, ಅವರಲ್ಲಿ ಒಂದು ಇನ್ನೂ ಅಂಬೆಗಾಲಿಡುವ ಕೂಸು ಎಂದಿಟ್ಟುಕೊಳ್ಳಿ. ಕೆಳಗೆ ಕರೆಗಂಟೆ ಬಾರಿಸಿದರೆ ಮೂವರನ್ನೂ ಇಳಿಸಿಕೊಂಡು ಬರಬೇಕು, ಇಲ್ಲವೇ ಮೂವರನ್ನೂ ಮೇಲೆ ಬಿಟ್ಟು ಇಳಿಯಬೇಕು. ಒಬ್ಬನಿಗೆ ಶೌಚಕ್ಕೆ ಅವಸರವಾಯಿತು, ಶೌಚಾಲಯ ಕೆಳಗಿದೆ. ಇನ್ನೊಬ್ಬಳಿಗೆ ಹಸಿವು, ಊಟ ಅಡುಗೆಮನೆಯಲ್ಲಿದೆ. ಪ್ರತಿಯೊಂದಕ್ಕೂ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಎರಡು ವರ್ಷದ ಮಗುವಿನ ಕೈ ಹಿಡಿದು ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಲು ಮೂರನೆಯ ಕೈ ಇರುವುದಿಲ್ಲ. ದಿನಕ್ಕೆ ಅದೆಷ್ಟು ಬಾರಿ ಹೀಗೆ ಹತ್ತಿ ಇಳಿಯಬೇಕಾಗುತ್ತದೆಯೋ ಅಷ್ಟು ಬಾರಿಯೂ ಬೀಳುವ ಅಪಾಯ ಜೊತೆಗೇ ಇರುತ್ತದೆ. ಕೋಣೆ ಎಷ್ಟೇ ವಿಶಾಲವಾಗಿರಲಿ, ಎಷ್ಟೇ ಬೆಳಕಾಗಿರಲಿ, ದಾರಿಯೇ ಸರಿಯಿಲ್ಲದಿದ್ದರೆ ಕೋಣೆಯಿಂದ ಏನು ಬಂತು?

ಈ ವಿಷಯದಲ್ಲಿ ಬಹುಕಾಲದಿಂದ ಕಾನೂನು ಮಾಡಿಕೊಂಡು ಬಂದಿರುವ ದೇಶ ಇಂಗ್ಲೆಂಡ್. ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರ ನೋಂದಣಿಗೆ ಬ್ರಿಟನ್ನಿನಲ್ಲಿ ಮೊದಲ ಕಾಯ್ದೆ ಬಂದದ್ದು 1948ರಲ್ಲಿ. ಇಂದು ಇಂಗ್ಲೆಂಡಿನಲ್ಲಿ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಮಕ್ಕಳು ಸಾಮಾನ್ಯವಾಗಿ ನೋಡಿಕೊಳ್ಳುವವರ ಕಣ್ಣಿಗೂ ಕಿವಿಗೂ ಎಟುಕುವಂತಿರಬೇಕು. ಎರಡರಲ್ಲಿ ಒಂದಕ್ಕಂತೂ ಯಾವಾಗಲೂ ಎಟುಕುವಂತಿರಬೇಕು. ತಿನ್ನುತ್ತಿರುವಾಗ ಎರಡಕ್ಕೂ ಎಟುಕುವಂತಿರಲೇಬೇಕು. ಕೊನೆಯ ಮಾತಿಗೆ ಕಾರಣವಿದೆ. ಗಂಟಲಲ್ಲಿ ತುತ್ತು ಸಿಕ್ಕಿಕೊಂಡ ಮಗು ಅನೇಕ ವೇಳೆ ಕೆಮ್ಮುವುದೂ ಇಲ್ಲ, ಅಳುವುದೂ ಇಲ್ಲ, ಸದ್ದೇ ಇಲ್ಲದೆ ಉಸಿರುಗಟ್ಟುತ್ತದೆ. ಪಕ್ಕದ ಕೋಣೆಯಿಂದ ಕಿವಿಗೊಟ್ಟು ಕೇಳುತ್ತಿದ್ದೇನೆ ಎಂಬ ಸಮಾಧಾನ ಅಲ್ಲಿ ಕೆಲಸಕ್ಕೆ ಬಾರದು. ಯಾವ ದೇಶದ ಕಾನೂನಾದರೂ ಇರಲಿ, ಇಲ್ಲದಿರಲಿ, ಈ ಮೂರು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಮನೆಯನ್ನು ಒಮ್ಮೆ ಸುತ್ತಿ ಬಂದರೆ ಅರ್ಧ ತೀರ್ಮಾನ ತಾನಾಗಿಯೇ ಆಗಿಬಿಡುತ್ತದೆ.

ಸುತ್ತುವುದೆಂದರೆ ನಿಂತುಕೊಂಡು ಸುತ್ತಿದರೆ ಸಾಲದು. ಮಂಡಿಯೂರಿ, ಮಗುವಿನ ಎತ್ತರಕ್ಕೆ ಬಂದು ನೋಡಬೇಕು. ನಾನು ಹೊಸಬರಿಗೆ ಇದನ್ನು ಹೇಳಿದಾಗ ನಕ್ಕು ಸುಮ್ಮನಾಗುವವರೇ ಹೆಚ್ಚು. ಒಮ್ಮೆ ಕೂತು ನೋಡಿದವರು ಮಾತ್ರ ನಗುವುದಿಲ್ಲ. ಎದ್ದು ನಿಂತವರಿಗೆ ಕಾಣದ ಎಷ್ಟೋ ಸಂಗತಿಗಳು ಅಲ್ಲಿಂದ ಕಾಣುತ್ತವೆ: ಸೋಫಾದ ಅಡಿಗೆ ಉರುಳಿ ಹೋಗಿ ಮರೆತಿದ್ದ ನಾಣ್ಯ, ಮೇಜಿನ ಹಿಂದಿನ ಸಡಿಲ ಸಾಕೆಟ್, ಕುತ್ತಿಗೆಯ ಮಟ್ಟಕ್ಕೆ ಇಳಿಬಿದ್ದ ಪರದೆಯ ಹಗ್ಗ, ಗಾಜಿನ ಟೀಪಾಯಿಯ ಚೂಪಾದ ಅಂಚು, ಎಳೆದರೆ ಇಡೀ ಟಿವಿಯೇ ಮೇಲೆ ಬೀಳುವಂತಿರುವ ತಂತಿ. ಮಕ್ಕಳು ಕಪಾಟಿನ ಖಾನೆಗಳನ್ನು ಎಳೆದುಕೊಂಡು ಅವನ್ನೇ ಮೆಟ್ಟಿಲು ಮಾಡಿ ಹತ್ತುತ್ತಾರೆ. ಆಗ ಭಾರವೆಲ್ಲ ಮುಂದಕ್ಕೆ ವಾಲಿ ಕಪಾಟು ಉರುಳುತ್ತದೆ. ಆದ್ದರಿಂದ ಮಕ್ಕಳಿಗೆ ಬಿಡುವ ಕೋಣೆಯಲ್ಲಿ ಎತ್ತರದ ಪೀಠೋಪಕರಣ ಯಾವುದೇ ಇದ್ದರೂ ಅದನ್ನು ಗೋಡೆಗೆ ಬಿಗಿಯಬೇಕು. ಗೋಡೆಗೆ ಮೊಳೆ ಹೊಡೆಯಲು ಬಾಡಿಗೆ ಮನೆಯ ಮಾಲೀಕರು ಒಪ್ಪದಿದ್ದರೆ ಆ ಕಪಾಟು ಬೇರೆ ಕೋಣೆಗೆ ಹೋಗಬೇಕು, ಅಥವಾ ಮಕ್ಕಳೇ ಬೇರೆ ಕೋಣೆಗೆ ಹೋಗಬೇಕು.

ಇನ್ನು ಅಳತೆಯ ವಿಚಾರ. ‘ಕೋಣೆ ದೊಡ್ಡದಿದೆ, ಐದಾರು ಮಕ್ಕಳು ಆರಾಮವಾಗಿ ಇರಬಹುದು’ ಎಂದು ಕಣ್ಣಂದಾಜಿನಲ್ಲಿ ಹೇಳುವುದು ಸುಲಭ. ಇಂಗ್ಲೆಂಡಿನ ನಿಯಮಗಳು ಎರಡು ವರ್ಷದೊಳಗಿನ ಪ್ರತಿ ಮಗುವಿಗೆ 3.5 ಚದರ ಮೀಟರ್, ಎರಡು ವರ್ಷದ ಮಗುವಿಗೆ 2.5 ಚದರ ಮೀಟರ್, ಮೂರರಿಂದ ಐದು ವರ್ಷದವರಿಗೆ 2.3 ಚದರ ಮೀಟರ್ ಒಳಾಂಗಣ ಜಾಗ ಇರಬೇಕೆಂದು ಹೇಳುತ್ತವೆ. ಚಿಕ್ಕ ಮಗುವಿಗೆ ಹೆಚ್ಚು ಜಾಗ ಏಕೆಂದು ಕೆಲವರಿಗೆ ಆಶ್ಚರ್ಯವಾಗಬಹುದು. ಕೂಸು ನೆಲದ ಮೇಲೆಯೇ ಹೊರಳುತ್ತದೆ, ತೆವಳುತ್ತದೆ, ಬೀಳುತ್ತದೆ, ಅಲ್ಲೇ ಮಲಗುತ್ತದೆ; ಅದನ್ನು ಎತ್ತಿ ಇಳಿಸುವವರೂ ಅದರ ಪಕ್ಕದಲ್ಲೇ ಕೂರಬೇಕಾಗುತ್ತದೆ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಈ ಲೆಕ್ಕಕ್ಕೆ ಬರುವುದು ಬಳಕೆಗೆ ಸಿಗುವ ಜಾಗ ಮಾತ್ರ. ಅಡುಗೆಮನೆ, ಶೌಚಾಲಯ, ಓಡಾಡುವ ದಾರಿ, ಸಾಮಾನು ಇಡುವ ಜಾಗ ಇವು ಯಾವುವೂ ಲೆಕ್ಕಕ್ಕಿಲ್ಲ.

ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆಯೊಂದನ್ನು ಈ ಲೆಕ್ಕಕ್ಕೆ ಒಡ್ಡಿ ನೋಡಿ. ಒಟ್ಟು 120 ಚದರ ಅಡಿ, ಅಂದರೆ ಹೆಚ್ಚು ಕಡಿಮೆ 11 ಚದರ ಮೀಟರ್. ಒಂದು ವರ್ಷದೊಳಗಿನ ಒಂದು ಕೂಸು, ಎರಡು ವರ್ಷದ ಒಬ್ಬಳು, ನಾಲ್ಕು ವರ್ಷದ ಒಬ್ಬ, ಹೀಗೆ ಮೂವರಿಗೆ 8.3 ಚದರ ಮೀಟರ್ ಬೇಕು. ಸಾಕಷ್ಟು ಮಿಕ್ಕಿತು ಎನ್ನಿಸುತ್ತದೆ. ಆದರೆ ಗೋಡೆಗೆ ಒತ್ತಿ ಮೂವರು ಕೂರುವ ಸೋಫಾ ಇದ್ದರೆ ಅದೊಂದೇ ಸುಮಾರು ಎರಡು ಚದರ ಮೀಟರ್ ನುಂಗುತ್ತದೆ. ಬಟ್ಟೆಯ ಬೀರು ಒಂದಿದ್ದರೆ ಇನ್ನಷ್ಟು ಹೋಗುತ್ತದೆ. ಎರಡು ಬಾಗಿಲುಗಳ ನಡುವಿನ ನಡೆದಾಡುವ ಪಟ್ಟಿಯನ್ನು ಕಳೆದರೆ ಮೂವರಿಗೂ ಜಾಗ ಸಾಲದು. ಅಂದರೆ ಮಕ್ಕಳ ಸಂಖ್ಯೆಯನ್ನು ತೀರ್ಮಾನಿಸುವುದು ಗೋಡೆಯಿಂದ ಗೋಡೆಗೆ ಇರುವ ಅಳತೆಯಲ್ಲ, ಉಳಿದ ನೆಲ. ಟೇಪು ಹಿಡಿದು ಖಾಲಿ ನೆಲವನ್ನೇ ಅಳೆಯಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಈ ಕೆಲಸಕ್ಕೆ ಅಕ್ಷರಶಃ ಅನ್ವಯಿಸುತ್ತದೆ. ಇಂಗ್ಲೆಂಡಿನಲ್ಲಿ ಒಬ್ಬರು ಒಟ್ಟಿಗೆ ನೋಡಿಕೊಳ್ಳಬಹುದಾದ ಎಂಟು ವರ್ಷದೊಳಗಿನ ಮಕ್ಕಳ ಮಿತಿ ಸಾಮಾನ್ಯವಾಗಿ ಆರು; ಅವರಲ್ಲಿ ಇನ್ನೂ ಶಾಲೆಯ ವಯಸ್ಸಿಗೆ ಬಾರದ ಚಿಕ್ಕವರು ಮೂವರನ್ನು ಮೀರಬಾರದು, ಒಂದು ವರ್ಷದೊಳಗಿನ ಕೂಸು ಒಂದಕ್ಕಿಂತ ಹೆಚ್ಚಿರಬಾರದು; ತಮ್ಮ ಸ್ವಂತ ಮಕ್ಕಳೂ ಈ ಲೆಕ್ಕದೊಳಗೇ ಬರುತ್ತಾರೆ. ‘ನಮ್ಮ ಮಗು ಹೇಗಿದ್ದರೂ ಮನೆಯಲ್ಲಿ ಇರುತ್ತದಲ್ಲ’ ಎಂದು ಅದನ್ನು ಲೆಕ್ಕದಿಂದ ಬಿಡುವವರನ್ನು ನಾನು ಕಂಡಿದ್ದೇನೆ. ಎರಡು ಕೈಗಳಿಗೆ ಸ್ವಂತ ಮಗು, ಬೇರೆಯವರ ಮಗು ಎಂಬ ಭೇದ ಗೊತ್ತಾಗುವುದಿಲ್ಲ.

ಹಾಗಾದರೆ ಯಾವ ಕೋಣೆ? ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಮನೆಗಳಿಗೆ ಸರಿಹೊಂದುವುದು ನೆಲಮಟ್ಟದಲ್ಲಿ, ಅಡುಗೆಮನೆಗೆ ತಾಗಿಕೊಂಡು ಇರುವ ಹಾಲ್. ಮನೆಯವರಿಗೆ ಅತ್ಯಂತ ಬೇಕಾದ ಕೋಣೆಯೂ ಅದೇ ಎಂಬುದು ನಿಜ. ಅದರ ಜಗಳವನ್ನು ಮುಂದೆ ಹೇಳುತ್ತೇನೆ. ಹಾಲಿನ ಗುಣವೆಂದರೆ ಅಲ್ಲಿಂದ ಮುಂಬಾಗಿಲು ಕಾಣುತ್ತದೆ, ಅಡುಗೆಮನೆಯ ಬಾಗಿಲು ಕಾಣುತ್ತದೆ, ಶೌಚಾಲಯ ಸಾಮಾನ್ಯವಾಗಿ ಹತ್ತಿರದಲ್ಲಿರುತ್ತದೆ. ಬೆಂಕಿ ಅಥವಾ ಹೊಗೆ ಕಾಣಿಸಿಕೊಂಡರೆ ನಡೆಯಲಾರದ ಕೂಸನ್ನೂ ಸೇರಿಸಿ ಎಲ್ಲರನ್ನೂ ಒಂದೇ ಸಲಕ್ಕೆ ಹೊರಕ್ಕೆ ಕರೆದೊಯ್ಯಲು ಸಾಧ್ಯವಾಗುವುದು ಅಲ್ಲಿಂದಲೇ. ಎರಡನೆಯ ದಾರಿಯೊಂದು ಹಿಂಬದಿಗೆ ಇದ್ದರೆ ಇನ್ನೂ ಒಳ್ಳೆಯದು, ಆದರೆ ಆ ಬಾಗಿಲಿನ ಮುಂದೆ ಚೀಲ, ಸೈಕಲ್ಲು ಒಟ್ಟಿರಬಾರದು.

ಅಡುಗೆಮನೆಯ ಬಗ್ಗೆ ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ಎಲ್ಲರೂ ಎಡವುವುದು ಇಲ್ಲಿಯೇ. ಅದನ್ನು ಪೂರ್ತಿ ಮುಚ್ಚಿದರೆ ನೋಡಿಕೊಳ್ಳುವವರು ಒಳಗೆ ಹೋದಾಗಲೆಲ್ಲ ಮಕ್ಕಳು ಕಣ್ಮರೆಯಾಗುತ್ತಾರೆ. ಪೂರ್ತಿ ತೆರೆದರೆ ಒಲೆ, ಚಾಕು, ಬಿಸಿನೀರು, ಪಾತ್ರೆ ತೊಳೆಯುವ ಪುಡಿ ಎಲ್ಲವೂ ಮಗುವಿನ ಕೈಗೆ ಎಟುಕುತ್ತವೆ. ಬಾಗಿಲ ಚೌಕಟ್ಟಿಗೆ ಸೊಂಟದೆತ್ತರದ ಗೇಟು ಹಾಕುವುದೇ ಇದಕ್ಕೆ ಇರುವ ಒಳ್ಳೆಯ ಉಪಾಯ. ಮಗು ದಾಟಲಾರದು, ನಾವು ಅದರ ಮೇಲಿಂದ ನೋಡಬಹುದು, ಮಾತಾಡಬಹುದು. ಒಲೆಯನ್ನು ಬಾಗಿಲಿಗೆ ಬೆನ್ನು ಮಾಡಿ ನಿಲ್ಲುವ ಕಡೆ ಇಟ್ಟಿದ್ದರೆ, ತರಕಾರಿ ಹೆಚ್ಚುವಂತಹ ಹೊತ್ತು ಹಿಡಿಯುವ ಕೆಲಸವನ್ನಾದರೂ ಬಾಗಿಲಿಗೆ ಮುಖ ಮಾಡಿ ಮಾಡುವಂತೆ ಜಾಗ ಬದಲಿಸಿಕೊಳ್ಳಬೇಕು. ಸಾಧ್ಯವಾದಷ್ಟು ಅಡುಗೆಯನ್ನು ಮಕ್ಕಳು ಬರುವ ಮೊದಲೇ ಮುಗಿಸುವುದು ಇನ್ನೂ ಮೇಲು.

ಬಿಸಿನೀರಿನ ವಿಷಯದಲ್ಲಿ ಯಾವ ಎಚ್ಚರಿಕೆಯೂ ಅತಿಯಾಗದು. 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡಬಲ್ಲದು. ಚಿಕ್ಕ ಮಕ್ಕಳ ಚರ್ಮ ತೆಳುವಾದ್ದರಿಂದ ಅವರಿಗೆ ಇನ್ನೂ ಬೇಗ. ಆಗಷ್ಟೇ ಸೋಸಿದ ಚಹಾ ಅದಕ್ಕಿಂತಲೂ ಬಿಸಿಯಾಗಿರುತ್ತದೆ. ಅದಕ್ಕಾಗಿಯೇ ನಾನು ಮಕ್ಕಳಿರುವ ಕೋಣೆಗೆ ಬಿಸಿ ಲೋಟವನ್ನು ತರುವುದೇ ಇಲ್ಲ, ಮಗುವನ್ನು ಕರೆದೊಯ್ಯಲು ಬಂದ ತಂದೆತಾಯಿಯರಿಗೂ ಅಲ್ಲಿ ಕೊಡುವುದಿಲ್ಲ. ಮೇಜಿನ ಅಂಚಿನಲ್ಲಿ ಲೋಟ, ಅದರ ಕೆಳಗೆ ಇಳಿಬಿದ್ದ ಮೇಜುಹಾಸು, ಹಾಸನ್ನು ಹಿಡಿದು ಎದ್ದು ನಿಲ್ಲಲು ಹೊರಟ ಕೂಸು, ಇಷ್ಟು ಒಟ್ಟಿಗೆ ಸೇರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅನಾಹುತ ನಡೆದುಹೋಗುತ್ತದೆ. ಮಕ್ಕಳು ಉಣ್ಣುವ ಜಾಗವನ್ನು ಅಡುಗೆಮನೆಯ ಒಳಗೆ ಇಡದೆ, ಗೇಟಿನ ಈಚೆ, ಒರೆಸಲು ಸುಲಭವಾದ ನೆಲದ ಮೇಲೆ ಇಟ್ಟುಕೊಂಡರೆ ಅವರ ಎದುರಿಗೇ ಕೂತು ಉಣಿಸಬಹುದು.

ಶೌಚಾಲಯ, ಬಚ್ಚಲುಗಳನ್ನು ಮಕ್ಕಳು ಬಳಸಲೇಬೇಕಾಗುವುದರಿಂದ ಅವು ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು, ಆದರೆ ಬಳಕೆ ಮುಗಿದ ಕೂಡಲೇ ಬಾಗಿಲು ಮುಚ್ಚಬೇಕು. ತುಂಬಿಟ್ಟ ಬಕೆಟ್ಟನ್ನು ಅಲ್ಲಿ ಬಿಡಲೇಬಾರದು. ಕೆಲವೇ ಅಂಗುಲ ನೀರಿನಲ್ಲೂ ಚಿಕ್ಕ ಮಗು ಮುಳುಗಿ ಸಾಯಬಲ್ಲದು, ಏಕೆಂದರೆ ತಲೆಯ ಭಾರ ಹೆಚ್ಚಾಗಿರುವ ಅದಕ್ಕೆ ಬಗ್ಗಿ ಬಿದ್ದ ಮೇಲೆ ಮೈಯನ್ನು ಹಿಂದಕ್ಕೆ ಎತ್ತಿಕೊಳ್ಳಲು ಶಕ್ತಿಯಿರುವುದಿಲ್ಲ. ಒಳಗಿನ ಚಿಲಕವನ್ನು ಮಗುವಿಗೆ ಎಟುಕದ ಎತ್ತರಕ್ಕೆ ಏರಿಸುವುದು ಚಿಕ್ಕ ಕೆಲಸ. ಒಳಗಿನಿಂದ ಚಿಲಕ ಹಾಕಿಕೊಂಡು ತೆಗೆಯಲು ಬಾರದೆ ಅಳುವ ಮೂರು ವರ್ಷದ ಮಗುವನ್ನು ಬಾಗಿಲಾಚೆಯಿಂದ ಸಮಾಧಾನ ಮಾಡುತ್ತ ಕೂತವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಡೈಪರ್ ಬದಲಿಸುವ ಜಾಗವೂ ಬಚ್ಚಲ ಹತ್ತಿರವೇ ಇರಲಿ, ಉಣ್ಣುವ ಜಾಗದಿಂದ ದೂರವಿರಲಿ.

ನಿದ್ದೆಯ ಕೋಣೆಯ ಬಗ್ಗೆ ಹೊಸಬರು ಹೆಚ್ಚು ಯೋಚಿಸುವುದಿಲ್ಲ. ಮಂಚವಿರುವ ಕೋಣೆ ಇದ್ದೇ ಇದೆ, ಅಲ್ಲಿ ಮಲಗಿಸಿದರಾಯಿತು ಎಂದುಕೊಳ್ಳುತ್ತಾರೆ. ಕೂಸನ್ನು ದೊಡ್ಡವರ ಮಂಚದ ಮೇಲೋ ಸೋಫಾದ ಮೇಲೋ ದಿಂಬುಗಳ ನಡುವೆ ಮಲಗಿಸುವುದು ಅಪಾಯಕಾರಿ. ಒಂದು ವರ್ಷದೊಳಗಿನ ಮಗುವನ್ನು ಅಂಗಾತವಾಗಿ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ, ದಿಂಬು, ಸಡಿಲ ಹೊದಿಕೆ, ಮೆತ್ತನೆಯ ಗೊಂಬೆ ಯಾವುದೂ ಇಲ್ಲದೆ ಮಲಗಿಸಬೇಕೆಂಬುದು ಮಕ್ಕಳ ವೈದ್ಯರು ಒಮ್ಮತದಿಂದ ಹೇಳುವ ಮಾತು. ಆದ್ದರಿಂದ ಮಲಗಿಸಲು ಪ್ರತ್ಯೇಕವಾದ ಪುಟ್ಟ ಮಂಚವೋ ತೊಟ್ಟಿಲೋ ಬೇಕು, ಅದನ್ನು ಇಡಲು ಜಾಗವೂ ಬೇಕು. ಆ ಜಾಗ ಹಾಲಿನ ಮೂಲೆಯಾದರೆ ಉಳಿದವರ ಗದ್ದಲದಲ್ಲಿ ನಿದ್ದೆ ಬರುವುದೇ ಎಂಬ ಅಳುಕು ಸಹಜ. ಕೂಸುಗಳು ಹಗಲಿನ ಸದ್ದಿಗೆ ನಾವು ಅಂದುಕೊಂಡದ್ದಕ್ಕಿಂತ ಬೇಗ ಒಗ್ಗಿಕೊಳ್ಳುತ್ತವೆ ಎಂಬುದನ್ನು ನಾನು ಕಂಡುಕೊಂಡಿದ್ದೇನೆ. ಒಗ್ಗದ ಮಗುವಿಗೆ ಪಕ್ಕದ ಕೋಣೆಯನ್ನು ಬಾಗಿಲು ತೆರೆದಿಟ್ಟು ಬಳಸಬಹುದು, ಆದರೆ ಮತ್ತೆ ಮತ್ತೆ ಎದ್ದು ಹೋಗಿ ಉಸಿರಾಟ ನೋಡಬೇಕು. ಸದ್ದು ತಲುಪಿಸುವ ಯಂತ್ರವನ್ನು ಇಟ್ಟಿದ್ದೇನೆ ಎಂದು ಕೂತುಬಿಡುವುದು ಸರಿಯಲ್ಲ. ಮಂಚದ ಹತ್ತಿರ ಪರದೆಯ ಹಗ್ಗ, ಚಾರ್ಜರಿನ ತಂತಿ ಸುಳಿಯಬಾರದು.

ಮುಚ್ಚಬೇಕಾದ ಕೋಣೆಗಳ ಮಾತಿಗೆ ಬರುತ್ತೇನೆ. ಲೇಖನದಲ್ಲಿ ಇವುಗಳ ಪ್ರಸ್ತಾಪವೇ ಇರಲಿಲ್ಲ. ಮನೆಯಲ್ಲಿ ಹಿರಿಯರಿದ್ದರೆ ಅವರ ಕೋಣೆಯಲ್ಲಿ ರಕ್ತದೊತ್ತಡದ್ದೋ ಮಧುಮೇಹದ್ದೋ ಮಾತ್ರೆಗಳು ಕೈಗೆಟುಕುವಲ್ಲೇ ಇರುತ್ತವೆ. ಮರೆಯಬಾರದೆಂದು ಅವರು ಹಾಗೆ ಇಟ್ಟುಕೊಂಡಿರುತ್ತಾರೆ, ಅದು ಅವರ ತಪ್ಪಲ್ಲ. ಆದರೆ ಅಂತಹ ಒಂದೆರಡು ಮಾತ್ರೆಗಳೂ ಪುಟ್ಟ ಮಗುವಿಗೆ ವಿಷವಾಗಬಹುದು; ಸಾಮಾನ್ಯವೆಂದು ಕಾಣುವ ಕಬ್ಬಿಣಾಂಶದ ಮಾತ್ರೆಗಳು ಕೂಡ ಹೆಚ್ಚಿಗೆ ಹೊಟ್ಟೆಗೆ ಹೋದರೆ ಪ್ರಾಣಕ್ಕೆ ಮುಳುವಾಗುತ್ತವೆ. ಶಾಲೆಗೆ ಹೋಗುವ ಮಕ್ಕಳಿರುವ ಕೋಣೆಯಲ್ಲಿ ಜೋಡಿಸುವ ಆಟಿಕೆಯ ಬಿಡಿ ತುಣುಕುಗಳು, ಮಣಿಗಳು, ಗೋಲಿಗಳು, ಅಯಸ್ಕಾಂತದ ಗುಂಡುಗಳು ಇರುತ್ತವೆ. ಆಟಿಕೆಗಳ ಸುರಕ್ಷತೆಯನ್ನು ಪರೀಕ್ಷಿಸುವವರು ಮೂರು ವರ್ಷದೊಳಗಿನವರಿಗೆ ಅಪಾಯಕಾರಿ ಯಾವುದೆಂದು ತಿಳಿಯಲು 31.7 ಮಿಲಿಮೀಟರ್ ವ್ಯಾಸದ ಒಂದು ಪುಟ್ಟ ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿ ಮುಳುಗುವ ವಸ್ತು ಮಗುವಿನ ಗಂಟಲಿಗೆ ಅಡ್ಡವಾಗಬಹುದೆಂದು ಲೆಕ್ಕ. ಗುಂಡಿಯಾಕಾರದ ಬ್ಯಾಟರಿಗಳದ್ದು ಬೇರೆಯೇ ಕಥೆ. ರಿಮೋಟಿನಲ್ಲಿ, ತೂಕದ ಯಂತ್ರದಲ್ಲಿ, ಹಾಡುವ ಶುಭಾಶಯ ಪತ್ರದಲ್ಲಿ ಕೂಡ ಅವು ಇರುತ್ತವೆ. ನುಂಗಿದಾಗ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ವಿದ್ಯುತ್ತಿನ ಕ್ರಿಯೆಯಿಂದ ಎರಡೇ ಗಂಟೆಗಳೊಳಗೆ ಒಳಗಿನ ಗೋಡೆಯನ್ನು ತೀವ್ರವಾಗಿ ಸುಟ್ಟುಬಿಡಬಲ್ಲವು. ಇಂತಹ ಕೋಣೆಗಳನ್ನು ಮಕ್ಕಳಿಗಾಗಿ ಶುದ್ಧಿ ಮಾಡಲು ಹೊರಡುವುದು ಮುಗಿಯದ ಕೆಲಸ. ಬಾಗಿಲು ಹಾಕಿ, ದೊಡ್ಡವರ ಎತ್ತರದಲ್ಲಿ ಹೊರಗಿನಿಂದ ಅಗುಳಿ ಜಡಿದರೆ ಸಾಕು. ಒಳಗೆ ಮನೆಯವರು ಯಾರಾದರೂ ಇರುವ ಹೊತ್ತಿನಲ್ಲಿ ಮಾತ್ರ ಹೊರಗಿನಿಂದ ಅಗುಳಿ ಹಾಕುವಂತಿಲ್ಲ. ಆಗ ಬಾಗಿಲಿಗೊಂದು ಗೇಟು ಬೇಕಾಗುತ್ತದೆ.

ಮೆಟ್ಟಿಲಿಗೂ ಗೇಟು ಬೇಕು, ಕೆಳಗೂ ಮೇಲೂ. ಚೌಕಟ್ಟಿಗೆ ಒತ್ತಿ ನಿಲ್ಲಿಸುವ ಬಗೆಯ ಗೇಟುಗಳು ಬಲವಾಗಿ ನೂಕಿದರೆ ಕಳಚಬಹುದಾದ್ದರಿಂದ ಮೆಟ್ಟಿಲ ಮೇಲ್ತುದಿಗೆ ಗೋಡೆಗೆ ತಿರುಪು ಹಾಕಿ ಬಿಗಿದ ಗೇಟೇ ಆಗಬೇಕು. ಕಂಬಿಗಳ ನಡುವಿನ ಸಂದು ಹತ್ತು ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಚಿಕ್ಕ ಮಗುವಿನ ಮೈ ಅದರಲ್ಲಿ ತೂರಬಹುದು.

ಈಗ ಮನೆಯವರ ವಿಚಾರ. ಮನೆ ಎಂಬುದು ಮಕ್ಕಳನ್ನು ನೋಡಿಕೊಳ್ಳುವ ಒಬ್ಬರಿಗೆ ಮಾತ್ರ ಸೇರಿದ್ದಲ್ಲ. ಹಾಲನ್ನು ದಿನವಿಡೀ ಮಕ್ಕಳಿಗೆ ಬಿಟ್ಟುಕೊಡುತ್ತೇನೆ ಎಂದು ಒಬ್ಬರೇ ತೀರ್ಮಾನಿಸಿದರೆ ಉಳಿದವರು ಮೊದಲ ತಿಂಗಳು ಸಹಿಸುತ್ತಾರೆ, ಎರಡನೆಯ ತಿಂಗಳು ಗೊಣಗುತ್ತಾರೆ. ‘ಟಿವಿ ಹಾಕುವ ಹಾಗಿಲ್ಲ, ಕಾಲು ಚಾಚುವ ಹಾಗಿಲ್ಲ, ಇದೇನು ನಮ್ಮ ಮನೆಯೋ ಬಾಲವಾಡಿಯೋ’ ಎಂಬ ಮಾತು ನಮ್ಮ ಮನೆಯಲ್ಲೂ ಕೇಳಿಬಂದಿತ್ತು. ‘ಹಾಗಾದರೆ ನಿಮ್ಮ ಕೋಣೆಯನ್ನೇ ಕೊಡಿ, ಅಲ್ಲಿ ನೋಡಿಕೊಳ್ಳುತ್ತೇನೆ’ ಎಂದೆ. ಮರುಮಾತು ಬರಲಿಲ್ಲ. ತಮಾಷೆಯನ್ನು ಬದಿಗಿಟ್ಟು ಹೇಳುವುದಾದರೆ, ಕೋಣೆ ಆರಿಸುವ ಮೊದಲು ಮನೆಮಂದಿಯೆಲ್ಲ ಕೂತು ಮಾತಾಡಬೇಕು. ಪರೀಕ್ಷೆಗೆ ಓದುವವರಿಗೆ ಸದ್ದಿಲ್ಲದ ಮೂಲೆ ಎಲ್ಲಿ, ಹಿರಿಯರ ಮಧ್ಯಾಹ್ನದ ನಿದ್ದೆ ಎಲ್ಲಿ, ರಾತ್ರಿ ಪಾಳಿಯ ಕೆಲಸ ಮುಗಿಸಿ ಬಂದವರು ಹಗಲಲ್ಲಿ ಎಲ್ಲಿ ಮಲಗಬೇಕು ಎಂಬುದೆಲ್ಲ ಇತ್ಯರ್ಥವಾಗಬೇಕು. ಮುಚ್ಚಿದ ಬಾಗಿಲಿನ ನಿಯಮ ಮನೆಯವರಿಗೂ ಅನ್ವಯಿಸುತ್ತದೆ ಎಂಬುದನ್ನು ಅವರು ಒಪ್ಪಬೇಕು. ಎಲ್ಲ ಎಚ್ಚರಿಕೆಯನ್ನೂ ವಹಿಸಿದ ಮನೆಯಲ್ಲಿ ಅಗುಳಿ ತೆಗೆದು ಹಾಗೆಯೇ ಬಿಟ್ಟು ಹೋಗುವವರು ಸಾಮಾನ್ಯವಾಗಿ ಮನೆಯವರೇ. ಇಂಗ್ಲೆಂಡಿನಲ್ಲಿ ಇಂತಹ ಮನೆಯಲ್ಲಿ ವಾಸಿಸುವ 16 ವರ್ಷ ಮೀರಿದ ಪ್ರತಿಯೊಬ್ಬರ ಹಿನ್ನೆಲೆಯನ್ನೂ ಪರಿಶೀಲಿಸುತ್ತಾರೆ. ಅಪರಿಚಿತರ ಮಗು ಬಂದು ಇರುವುದು ಒಬ್ಬರ ಕೈಯಲ್ಲಲ್ಲ, ಇಡೀ ಮನೆಯಲ್ಲಿ ಎಂಬ ತಿಳಿವಳಿಕೆ ಅದರ ಹಿಂದಿದೆ.

ಹಾಲನ್ನು ಸಂಜೆ ಮನೆಯವರಿಗೆ ಹಿಂದಿರುಗಿಸುವುದು ಸುಲಭವಾಗಬೇಕಾದರೆ ಸಾಮಾನು ಕಡಿಮೆಯಿರಬೇಕು. ಒಂದು ತಗ್ಗು ಕಪಾಟು, ಮುಚ್ಚಳವಿಲ್ಲದ ಎರಡು ಬುಟ್ಟಿ, ಸುತ್ತಿ ಎತ್ತಿಡಬಹುದಾದ ದಪ್ಪ ಜಮಖಾನ, ಒಂದು ಪುಟ್ಟ ಮೇಜು, ಇಷ್ಟರಲ್ಲಿ ನನ್ನ ಕೆಲಸ ನಡೆಯುತ್ತದೆ. ಮಾರಿಯಾ ಮಾಂಟೆಸ್ಸೊರಿ ಅವರು 1907ರಲ್ಲಿ ರೋಮ್ ನಗರದ ಬಡ ಬಡಾವಣೆಯೊಂದರ ವಸತಿ ಕಟ್ಟಡದಲ್ಲಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದಾಗ ಮಗುವಿನ ಅಳತೆಯ ಕುರ್ಚಿ ಮೇಜುಗಳಿಗೂ ಕೈಗೆಟುಕುವ ಕಪಾಟುಗಳಿಗೂ ಕೊಟ್ಟ ಮಹತ್ವ ಇಂದಿಗೂ ಉಳಿದಿದೆ. ಹಂಗೇರಿಯ ಮಕ್ಕಳ ವೈದ್ಯೆ ಎಮ್ಮಿ ಪಿಕ್ಲರ್ ಅವರು 1946ರಲ್ಲಿ ಬುಡಾಪೆಸ್ಟಿನಲ್ಲಿ ಆರಂಭಿಸಿದ ಶಿಶುಗೃಹದಲ್ಲಿ ಕೂಸುಗಳನ್ನು ಕೂರಿಸುವ, ನಿಲ್ಲಿಸುವ ಸಾಧನಗಳಿಗೆ ಕಟ್ಟಿಹಾಕದೆ, ಗಟ್ಟಿ ನೆಲದ ಮೇಲೆ ತಾವಾಗಿಯೇ ಹೊರಳಿ ಏಳಲು ಬಿಡುತ್ತಿದ್ದರು. ಇಬ್ಬರಿಂದಲೂ ಮನೆಯವರು ಕಲಿಯಬಹುದಾದ ಸರಳ ಪಾಠವೆಂದರೆ ಖಾಲಿ ನೆಲಕ್ಕೆ ಬೆಲೆಯಿದೆ. ಗೋಡೆಯ ಚಿತ್ತಾರಕ್ಕೆ ಹಣ ಸುರಿಯುವುದಕ್ಕಿಂತ ಸೋಫಾವನ್ನು ಬೇರೆ ಕೋಣೆಗೆ ಸಾಗಿಸುವುದರಿಂದ ಮಕ್ಕಳಿಗೆ ಹೆಚ್ಚು ಉಪಕಾರ. ಹೊಳಪಿನ ಕಲ್ಲಿನ ನೆಲ ಇರುವ ಹಾಲಿನಲ್ಲಿ ಮೂವರು ಮಕ್ಕಳ ಸದ್ದು ಆರು ಜನರದ್ದಾಗುತ್ತದೆ. ಜಮಖಾನವೂ ದಪ್ಪ ಪರದೆಯೂ ಅದನ್ನು ಬಹಳ ಮಟ್ಟಿಗೆ ತಗ್ಗಿಸುತ್ತವೆ.

ಬೇರೆ ಬೇರೆ ವಯಸ್ಸಿನವರು ಒಂದೇ ಕೋಣೆಯಲ್ಲಿದ್ದಾಗ ತೊಡಕೊಂದು ಬರುತ್ತದೆ. ನಾಲ್ಕು ವರ್ಷದವನಿಗೆ ಮಣಿ ಪೋಣಿಸುವ ಆಸೆ, ಪಕ್ಕದಲ್ಲೇ ಎಲ್ಲವನ್ನೂ ಬಾಯಿಗೆ ಹಾಕುವ ಕೂಸು. ಇದಕ್ಕೆ ಎರಡನೆಯ ಕೋಣೆ ತೆರೆಯುವುದು ಪರಿಹಾರವಲ್ಲ, ಏಕೆಂದರೆ ಎರಡು ಕೋಣೆಗಳಲ್ಲಿ ಒಟ್ಟಿಗೆ ಇರಲು ನಮ್ಮಿಂದ ಆಗದು. ಚಿಕ್ಕ ಸಾಮಾನಿನ ಆಟವನ್ನು ಕೂಸು ಮಲಗಿದ ಹೊತ್ತಿಗೆ ಮೀಸಲಿಡಬಹುದು, ಅಥವಾ ತುಸು ಎತ್ತರದ ಮೇಜಿನ ಮೇಲೆ ನಮ್ಮ ಪಕ್ಕದಲ್ಲೇ ಕೂರಿಸಿ ಆಡಿಸಬಹುದು. ನಾನು ಮೊದಲನೆಯದನ್ನೇ ಹೆಚ್ಚು ನೆಚ್ಚುತ್ತೇನೆ.

ತಂದೆತಾಯಿಯರಿಗೂ ಒಂದು ಮಾತು. ಮಗುವನ್ನು ಬಿಡುವ ಮೊದಲು ಮನೆ ನೋಡಲು ಹೋದವರು ಆಟಿಕೆಗಳನ್ನು ನೋಡಿ ಮೆಚ್ಚಿ ಹಿಂದಿರುಗುತ್ತಾರೆ. ಮಗು ಎಲ್ಲಿ ಮಲಗುತ್ತದೆ, ನೀವು ಅಡುಗೆ ಮಾಡುವಾಗ ಅದು ಎಲ್ಲಿರುತ್ತದೆ, ನೀವು ಶೌಚಕ್ಕೆ ಹೋದಾಗ ಏನು ವ್ಯವಸ್ಥೆ, ಮುಚ್ಚಿದ ಕೋಣೆಗಳು ಯಾವುವು, ಆ ಹೊತ್ತಿನಲ್ಲಿ ಮನೆಯಲ್ಲಿ ಇನ್ನು ಯಾರಿರುತ್ತಾರೆ ಎಂದು ಅವರು ಕೇಳಬೇಕು. ಕೇಳಿದರೆ ನೋಡಿಕೊಳ್ಳುವವರಿಗೆ ಬೇಸರವಾದೀತು ಎಂಬ ಸಂಕೋಚ ಬೇಡ. ಚೆನ್ನಾಗಿ ಯೋಚಿಸಿದವರಿಗೆ ಈ ಪ್ರಶ್ನೆಗಳು ಸಂತೋಷವನ್ನೇ ಕೊಡುತ್ತವೆ. ಬಳಸುವ ಕೋಣೆಗಳ ಹೆಸರನ್ನು ಒಪ್ಪಂದದಲ್ಲಿಯೇ ಬರೆದುಕೊಂಡು, ಮುಂದೆ ಬದಲಾವಣೆಯಾದರೆ ತಿಳಿಸಬೇಕೆಂದು ಸೇರಿಸುವುದು ಇಬ್ಬರಿಗೂ ಕ್ಷೇಮ. ನೋಂದಣಿ ಕಡ್ಡಾಯವಾಗಿರುವ ಕಡೆ ಪರಿಶೀಲನೆಗೆ ಬರುವ ಅಧಿಕಾರಿಗಳಿಗೂ ಇದೇ ಪಟ್ಟಿ ತೋರಿಸಬಹುದು.

ತಮ್ಮ ಪುರವಣಿಯಲ್ಲಿ ಈ ವಿಷಯದ ಮುಂದಿನ ಭಾಗ ಪ್ರಕಟವಾಗಲಿದೆ ಎಂದು ಲೇಖನದ ಕೊನೆಯಲ್ಲಿ ಸೂಚಿಸಲಾಗಿತ್ತು. ಅದರಲ್ಲಿ ಸಿಂಗರಿಸಿದ ಕೋಣೆಯ ಚಿತ್ರದ ಬದಲು ಸಾಮಾನ್ಯ ಮನೆಯೊಂದರ ನಕ್ಷೆಯನ್ನು ಹಾಕಿ, ಒಲೆಯ ಮುಂದೆ ನಿಂತವರಿಗೆ ಯಾವ ಯಾವ ಜಾಗ ಕಾಣುತ್ತದೆ, ಗೇಟು ಎಲ್ಲೆಲ್ಲಿ ಬರಬೇಕು, ಯಾವ ಬಾಗಿಲಿಗೆ ಅಗುಳಿ ಬೀಳಬೇಕು ಎಂಬುದನ್ನು ಗುರುತು ಮಾಡಿ ತೋರಿಸುವಂತೆ ಕೋರುತ್ತೇನೆ. ಎರಡೇ ಕೋಣೆಗಳಿರುವ ಮನೆಯ ನಕ್ಷೆಯನ್ನೂ ಒಂದು ಸೇರಿಸಿದರೆ ಒಳಿತು, ಏಕೆಂದರೆ ಈ ಕೆಲಸಕ್ಕೆ ಇಳಿಯುವವರಲ್ಲಿ ಅನೇಕರ ಬಳಿ ಖಾಲಿ ಬಿಡುವಂತಹ ಮೂರನೆಯ ಕೋಣೆಯೇ ಇರುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಒಬ್ಬ ಓದುಗಳು